ಕೋಪನ್‌ಹೇಗನ್‌ನಿಂದ ದಿಢೀರನೆ ರೋಸ್ಕಿಲ್ಡೆಗೆ: ರಾಜರ ಸಮಾಧಿಗಳ ಕೆಥೆಡ್ರಲ್ ಒಂದೇ ದಿನದಲ್ಲಿ ನೋಡುವುದು ಹೇಗೆ

ಕೋಪನ್‌ಹೇಗನ್‌ನಲ್ಲಿ ಒಂದು ದಿನ ಖಾಲಿ ಸಿಕ್ಕಿದೆ, ಯಾವ ಪ್ಲಾನೂ ಇಲ್ಲ ಅಂತಿಟ್ಟುಕೊಳ್ಳಿ. ಕೆಲಸಕ್ಕೆ ಬಂದವರಿರಬಹುದು, ಮಗಳ ಮನೆಗೆ ಬಂದ ಅಪ್ಪ ಅಮ್ಮ ಇರಬಹುದು, ಯುರೋಪ್ ಸುತ್ತುವವರಿರಬಹುದು. ಇಂಥ ದಿನಕ್ಕೆ ರೋಸ್ಕಿಲ್ಡೆಗಿಂತ ಒಳ್ಳೆಯ ಜಾಗ ಅಲ್ಲಿ ಇನ್ನೊಂದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕೋಪನ್‌ಹೇಗನ್‌ನಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್. ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಊರ ನಡುವೆ ಕೆಂಪು ಇಟ್ಟಿಗೆಯ ದೊಡ್ಡ ಕೆಥೆಡ್ರಲ್. ಅದರೊಳಗೆ ಡೆನ್ಮಾರ್ಕಿನ ಸುಮಾರು ನಲವತ್ತು ರಾಜ ರಾಣಿಯರ ಸಮಾಧಿಗಳಿವೆ. 1995ರಿಂದ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣ.

ನಮ್ಮವರಿಗೆ ಇಲ್ಲಿ ಇನ್ನೊಂದು ವಿಶೇಷ ಇದೆ. ಇಲ್ಲಿ ಮಲಗಿರುವ ಕೆಲವು ರಾಜರ ಹೆಸರು ತಮಿಳುನಾಡಿನ ತರಂಗಂಬಾಡಿಗೂ ಬಂಗಾಳದ ಸೆರಾಂಪುರಕ್ಕೂ ಅಂಟಿಕೊಂಡಿದೆ. ಸೆರಾಂಪುರದ ಮೂಲಕ ಕನ್ನಡದ ಅಚ್ಚಿಗೂ ಒಂದು ಎಳೆ ಬರುತ್ತದೆ. ಅದು ಗೊತ್ತಿದ್ದು ಹೋದರೆ ಸಮಾಧಿಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಆ ಎಳೆಯನ್ನು ಹಿಡಿದೇ ನಡೆಸುತ್ತೇನೆ.

ಹೊರಡುವ ಮೊದಲು: ಮೂರೇ ವಿಷಯ ನೋಡಿ

ದಿಢೀರ್ ಪ್ರವಾಸ ಎಂದರೆ ಏನೂ ನೋಡದೆ ಹೊರಡುವುದಲ್ಲ. ಕಾಫಿ ಕುಡಿಯುತ್ತಾ ಫೋನಿನಲ್ಲಿ ಐದು ನಿಮಿಷ ಕೊಟ್ಟರೆ ಸಾಕು.

ಮೊದಲನೆಯದು, ಕೆಥೆಡ್ರಲ್ ಇವತ್ತು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದು. ಇದೇ ಎಲ್ಲಕ್ಕಿಂತ ಮುಖ್ಯ. ಇದು ಬರೀ ಮ್ಯೂಸಿಯಂ ಅಲ್ಲ, ಇವತ್ತಿಗೂ ಪೂಜೆ ನಡೆಯುವ ಚರ್ಚು. ಮದುವೆ, ಅಂತ್ಯಕ್ರಿಯೆ, ಸಂಗೀತ ಕಛೇರಿ ಇದ್ದಾಗ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಮಧ್ಯಾಹ್ನದ ಮೇಲೇ ಪ್ರವೇಶ ಎಂದುಕೊಳ್ಳಿ. ಚಳಿಗಾಲದಲ್ಲಿ ಬೇಸಿಗೆಗಿಂತ ಬೇಗ ಮುಚ್ಚುತ್ತಾರೆ. ಕೆಥೆಡ್ರಲ್ ತನ್ನ ವೆಬ್‌ಸೈಟಿನಲ್ಲಿ ದಿನದ ಸಮಯ ಹಾಕುತ್ತದೆ. ಅಲ್ಲಿ ಇವತ್ತಿನ ತಾರೀಕನ್ನೇ ನೋಡಿ. ಮ್ಯಾಪಿನಲ್ಲಿ ಕಾಣುವ ಸಮಯವನ್ನು ಮಾತ್ರ ನಂಬಿ ಹೊರಡಬೇಡಿ.

ಎರಡನೆಯದು ಹವಾಮಾನ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಾದರೆ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಚಳಿಗಾಲದಲ್ಲಿ ಹೋಗುವುದಾದರೆ ಬೆಳಿಗ್ಗೆಯೇ ಹೊರಡಿ. ಬೇಸಿಗೆಯಲ್ಲಿ ಮಧ್ಯಾಹ್ನ ಹೊರಟರೂ ನಡೆಯುತ್ತದೆ. ಯಾವ ಕಾಲವಾದರೂ ಗಾಳಿ ತಡೆಯುವ ಜಾಕೆಟ್ ಇರಲಿ. ಬಂದರಿನ ಕಡೆ ಗಾಳಿ ಜೋರು.

ಮೂರನೆಯದು, ವೈಕಿಂಗ್ ಹಡಗುಗಳ ಮ್ಯೂಸಿಯಂನ ಯಾವ ಭಾಗ ತೆರೆದಿದೆ ಎಂಬುದು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಡೆನ್ಮಾರ್ಕಿನಲ್ಲಿ ಯೂರೋ ಅಲ್ಲ, ಕ್ರೋನರ್ ನಡೆಯುತ್ತದೆ. ಆದರೆ ಎಲ್ಲ ಕಡೆ ಕಾರ್ಡ್ ತೆಗೆದುಕೊಳ್ಳುತ್ತಾರೆ, ಈ ಒಂದು ದಿನಕ್ಕೆ ನೋಟು ಬದಲಾಯಿಸುವ ತಾಪತ್ರಯ ಬೇಡ.

ರೈಲು ಹತ್ತುವುದು

ಕೋಪನ್‌ಹೇಗನ್ ಸೆಂಟ್ರಲ್ ಸ್ಟೇಷನ್ನಿನಿಂದ ರೋಸ್ಕಿಲ್ಡೆಗೆ ಗಂಟೆಗೆ ಹಲವು ರೈಲುಗಳಿವೆ. ಒಂದು ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು, ಸೀಟು ಕಾದಿರಿಸಬೇಕಾದ್ದೂ ಇಲ್ಲ. ಹೊರಡುವ ಬೋರ್ಡಿನಲ್ಲಿ ರೋಸ್ಕಿಲ್ಡೆ ಕೊನೆಯ ಊರಾಗಿ ಕಾಣದಿರಬಹುದು, ಎಷ್ಟೋ ರೈಲುಗಳು ಅದನ್ನು ದಾಟಿ ಮುಂದಕ್ಕೆ ಹೋಗುತ್ತವೆ. ನಡುವಿನ ನಿಲ್ದಾಣಗಳ ಸಾಲಿನಲ್ಲಿ ಹುಡುಕಿ.

ಟಿಕೆಟ್ಟಿಗೆ ಎರಡು ದಾರಿ ಇವೆ. ಡಿಎಸ್‌ಬಿ ರೈಲ್ವೆಯ ಆ್ಯಪ್‌ನಲ್ಲೋ ಸ್ಟೇಷನ್ನಿನ ಯಂತ್ರದಲ್ಲೋ ಸಾದಾ ಟಿಕೆಟ್ ತೆಗೆಯುವುದು ಒಂದು. ಕೋಪನ್‌ಹೇಗನ್ ಕಾರ್ಡ್ ಎಂಬ ಪ್ರವಾಸಿ ಕಾರ್ಡ್ ಕೊಳ್ಳುವುದು ಇನ್ನೊಂದು. ಆ ಕಾರ್ಡಿನಲ್ಲಿ ರೈಲು ಪ್ರಯಾಣವೂ ಸೇರುತ್ತದೆ, ಕೆಥೆಡ್ರಲ್‌ನ ಪ್ರವೇಶವೂ ಸೇರುತ್ತದೆ. ಅದೇ ದಿನ ಕೋಪನ್‌ಹೇಗನ್‌ನಲ್ಲಿ ಇನ್ನೂ ಒಂದೆರಡು ಜಾಗ ನೋಡುವಂತಿದ್ದರೆ ಮಾತ್ರ ಇದು ಲಾಭ. ಬರೀ ರೋಸ್ಕಿಲ್ಡೆಗಾದರೆ ಸಾದಾ ಟಿಕೆಟ್ಟೇ ಸಾಕು. ಒಂದು ಮಾತು ನೆನಪಿರಲಿ: ಪ್ಲಾಟ್‌ಫಾರ್ಮಿಗೆ ಹೋಗಲು ಗೇಟು ಇರುವುದಿಲ್ಲ, ಯಾರೂ ತಡೆಯುವುದಿಲ್ಲ. ಆದರೆ ರೈಲಿನೊಳಗೆ ತಪಾಸಣೆ ಇರುತ್ತದೆ, ದಂಡ ಜಾಸ್ತಿ. ಹತ್ತುವ ಮೊದಲೇ ಟಿಕೆಟ್ ಕೈಯಲ್ಲಿರಲಿ.

ಈ ದಾರಿ ಶುರುವಾದದ್ದು 1847ರಲ್ಲಿ. ಈಗಿನ ಡೆನ್ಮಾರ್ಕಿನ ಗಡಿಯೊಳಗೆ ಹಾಕಿದ ಮೊದಲ ರೈಲು ದಾರಿ ಇದೇ. ರೋಸ್ಕಿಲ್ಡೆ ಸ್ಟೇಷನ್ನಿನ ಕಟ್ಟಡವೂ ಆ ಕಾಲದ್ದು. ಇಳಿದವರು ಒಮ್ಮೆ ತಿರುಗಿ ನೋಡಿ ಮುಂದೆ ಹೋಗಿ.

ಸ್ಟೇಷನ್ನಿನಿಂದ ಕೆಥೆಡ್ರಲ್‌ಗೆ ಹತ್ತು ನಿಮಿಷದ ನಡಿಗೆ. ಅಂಗಡಿ ಬೀದಿ ಹಿಡಿದು ನಡೆದರೆ ಊರಿನ ಮುಖ್ಯ ಚೌಕ ಸಿಗುತ್ತದೆ, ಅಲ್ಲಿಂದ ಜೋಡಿ ಗೋಪುರಗಳು ಕಾಣುತ್ತವೆ. ಬ್ರೆಡ್ಡಿನ ಅಂಗಡಿಗಳು, ಕೆಫೆಗಳು ಈ ಬೀದಿಯಲ್ಲೇ ಇವೆ. ಕೆಥೆಡ್ರಲ್ ಒಳಗೆ ಎರಡು ಗಂಟೆ ಬೇಕಾಗುತ್ತದೆ. ಹಸಿವಾಗಿದ್ದರೆ ಈಗಲೇ ಏನಾದರೂ ತಿಂದುಬಿಡಿ. ಸಸ್ಯಾಹಾರಿಗಳು ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ, ಎಲ್ಲರಿಗೂ ಇಂಗ್ಲಿಷ್ ಬರುತ್ತದೆ. ರೈ ಬ್ರೆಡ್ಡಿನ ಮೇಲೆ ಆಲೂಗಡ್ಡೆ ಇಟ್ಟು ಕೊಡುವುದು ಅಲ್ಲಿನ ಮಾಮೂಲಿ ತಿಂಡಿ. ಮೇಲೆ ಏನು ಹಾಕಿದ್ದಾರೆ ಎಂದು ಮಾತ್ರ ಕೇಳಿಕೊಳ್ಳಿ.

ಒಳಗೆ ಹೋಗುವ ಮೊದಲು: ರಾಜರ ಹೆಸರಿನ ಲೆಕ್ಕ

ಇಲ್ಲಿಗೆ ಬಂದವರನ್ನು ಸುಸ್ತು ಮಾಡುವುದು ನಡಿಗೆಯಲ್ಲ, ಹೆಸರುಗಳು. ಕ್ರಿಸ್ಟಿಯನ್, ಫ್ರೆಡೆರಿಕ್, ಮತ್ತೆ ಕ್ರಿಸ್ಟಿಯನ್, ಮತ್ತೆ ಫ್ರೆಡೆರಿಕ್. ನಾಲ್ಕನೇ ಸಮಾಧಿಯ ಹೊತ್ತಿಗೆ ಯಾರು ಯಾರ ಮಗ ಎಂಬುದೇ ಮರೆತುಹೋಗಿರುತ್ತದೆ.

ಇದಕ್ಕೆ ಸುಲಭದ ಉಪಾಯ ಇದೆ. 1513ರಲ್ಲಿ 2ನೇ ಕ್ರಿಸ್ಟಿಯನ್ ರಾಜನಾದ ಮೇಲೆ ಈ ಎರಡು ಹೆಸರು ಒಂದಾದ ಮೇಲೊಂದು ಬರುತ್ತಾ ಹೋದವು. 1972ರವರೆಗೂ ಆ ಸಾಲು ಮುರಿಯಲಿಲ್ಲ. ಒಬ್ಬ ಕ್ರಿಸ್ಟಿಯನ್‌ನ ನಂತರ ಬರುವ ಫ್ರೆಡೆರಿಕ್‌ನ ಸಂಖ್ಯೆ ಯಾವಾಗಲೂ ಒಂದು ಕಡಿಮೆ. 4ನೇ ಕ್ರಿಸ್ಟಿಯನ್ ಆದ ಮೇಲೆ 3ನೇ ಫ್ರೆಡೆರಿಕ್, 9ನೇ ಕ್ರಿಸ್ಟಿಯನ್ ಆದ ಮೇಲೆ 8ನೇ ಫ್ರೆಡೆರಿಕ್. ಇಷ್ಟು ಗೊತ್ತಿದ್ದರೆ ಯಾವ ಸಮಾಧಿಯ ಮುಂದೆ ನಿಂತರೂ ಹಿಂದೆ ಯಾರು, ಮುಂದೆ ಯಾರು ಎಂದು ನೀವೇ ಹೇಳಬಹುದು.

ಇನ್ನೊಂದು ಸಲಹೆ. ಬಾಗಿಲಿನಿಂದ ಶುರುಮಾಡಿ ಸಿಕ್ಕಿದ್ದನ್ನೆಲ್ಲ ನೋಡುತ್ತಾ ಹೋಗಬೇಡಿ. ಹೆಚ್ಚುಕಡಿಮೆ ಕಾಲದ ಕ್ರಮದಲ್ಲಿ ನೋಡಿ. ಅದಕ್ಕಾಗಿ ಚರ್ಚಿನ ಈ ಪಕ್ಕದಿಂದ ಆ ಪಕ್ಕಕ್ಕೆ ಒಂದೆರಡು ಸಲ ದಾಟಬೇಕಾಗುತ್ತದೆ. ಆ ನಡಿಗೆ ವ್ಯರ್ಥವಲ್ಲ. ಒಬ್ಬೊಬ್ಬ ರಾಜನೂ ತನಗಿಂತ ಮುಂಚಿನವನು ಕಟ್ಟಿಸಿದ್ದನ್ನು ನೋಡಿ, ತಾನು ಬೇರೆ ಏನಾದರೂ ಮಾಡಬೇಕು ಎಂದು ಹೊರಟದ್ದು ಆಗ ತಾನೇ ಕಣ್ಣಿಗೆ ಬೀಳುತ್ತದೆ.

ಟೋಪಿ ತೆಗೆಯಿರಿ, ಮಾತು ಮೆಲ್ಲಗಿರಲಿ, ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ. ಟಿಕೆಟ್ ಕೌಂಟರಿನಲ್ಲಿ ನಕ್ಷೆ ಕೇಳಿ ತೆಗೆದುಕೊಳ್ಳಿ.

ಮೊದಲ ಹೆಜ್ಜೆ: ಇಟ್ಟಿಗೆ ಮತ್ತು ಗಡಿಯಾರ

ಒಳಗೆ ಹೋದ ತಕ್ಷಣ ಸಮಾಧಿಗೆ ಓಡಬೇಡಿ. ನಡುವಿನ ಹಾದಿಯಲ್ಲಿ ನಿಂತು ತಲೆ ಎತ್ತಿ ನೋಡಿ. 1170ರ ದಶಕದಲ್ಲಿ ಬಿಷಪ್ ಅಬ್ಸಲಾನ್ ಕಾಲದಲ್ಲಿ ಕೆಲಸ ಶುರುವಾಯಿತು. ಆಗ ಇಟ್ಟಿಗೆ ಸುಡುವ ವಿದ್ಯೆ ಡೆನ್ಮಾರ್ಕಿಗೆ ಹೊಸದು. ಮೊದಲು ದುಂಡು ಕಮಾನಿನ ಹಳೆಯ ಶೈಲಿಯಲ್ಲಿ ಎದ್ದ ಗೋಡೆಗಳು, ಕಟ್ಟುತ್ತಿರುವಾಗಲೇ ಫ್ರಾನ್ಸಿನಿಂದ ಬಂದ, ಚೂಪು ಕಮಾನಿನ ಗಾಥಿಕ್ ಶೈಲಿಗೆ ತಿರುಗಿದವು. ಉತ್ತರ ಯುರೋಪಿನಲ್ಲಿ ಇಟ್ಟಿಗೆಯಿಂದ ಗಾಥಿಕ್ ಚರ್ಚು ಕಟ್ಟುವ ಪದ್ಧತಿ ಹರಡಲು ಈ ಕಟ್ಟಡವೂ ಒಂದು ಕಾರಣ. ಯುನೆಸ್ಕೋ ಪಟ್ಟಿಗೆ ಸೇರಿದ್ದು ಅದಕ್ಕೇ.

ಇದಕ್ಕೂ ಮುಂಚೆ ಇಲ್ಲಿ ಮರದ ಚರ್ಚು ಇತ್ತಂತೆ. 10ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದವನು ಹರಾಲ್ಡ್ ಬ್ಲೂಟೂತ್ ಎಂಬುದು ಪರಂಪರೆ. ನಮ್ಮ ಫೋನಿನ ಬ್ಲೂಟೂತ್‌ಗೆ ಹೆಸರು ಕೊಟ್ಟ ರಾಜ ಇವನೇ. ಆ ನೀಲಿ ಚಿಹ್ನೆ ಇವನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಕೂಡಿಸಿ ಮಾಡಿದ್ದು. ಮಕ್ಕಳನ್ನು ಕರೆದುಕೊಂಡು ಹೋಗಿದ್ದರೆ ಇಲ್ಲಿಂದ ಕತೆ ಶುರುಮಾಡಿ, ಗಮನ ಕೊಟ್ಟು ಕೇಳುತ್ತಾರೆ.

ಪಶ್ಚಿಮ ತುದಿಯ ಒಳಗೋಡೆಯ ಮೇಲೆ ಸುಮಾರು 1500ರ ಗಡಿಯಾರ ಇದೆ. ಪ್ರತಿ ಗಂಟೆಗೂ ಕುದುರೆ ಏರಿದ ಸಂತ ಜಾರ್ಜ್ ಡ್ರ್ಯಾಗನ್‌ನ ಮೇಲೆ ಎರಗುತ್ತಾನೆ. ಡ್ರ್ಯಾಗನ್ ಕಿರುಚುತ್ತದೆ. ಪಕ್ಕದಲ್ಲಿ ಒಂದು ಗಂಡು ಗೊಂಬೆ ಗಂಟೆ ಬಾರಿಸುತ್ತದೆ. ಕಾಲು ಗಂಟೆಗೊಮ್ಮೆ ಬಾರಿಸುವ ಕೆಲಸ ಹೆಣ್ಣು ಗೊಂಬೆಯದು. ಗಂಟೆ ಹೊಡೆಯಲು ಐದು ನಿಮಿಷ ಇರುವಾಗಲೇ ಬಂದು ಕೆಳಗೆ ನಿಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಎರಡನೇ ಹೆಜ್ಜೆ: ಮುಖ್ಯ ವೇದಿಕೆಯ ಹಿಂದೆ, ರಾಣಿ ಮಾರ್ಗರೆಟೆ

ಈಗ ನೇರವಾಗಿ ಪೂರ್ವಕ್ಕೆ ನಡೆಯಿರಿ. ದಾರಿಯಲ್ಲಿ ಪೂಜೆ ನಡೆಯುವ ಮುಖ್ಯ ವೇದಿಕೆಯ ಮೇಲಿನ ಚಿನ್ನದ ಬಣ್ಣದ ಕೆತ್ತನೆ ಸಿಗುತ್ತದೆ, 16ನೇ ಶತಮಾನದಲ್ಲಿ ಆಂಟ್‌ವರ್ಪ್‌ನಲ್ಲಿ ಮಾಡಿದ್ದು. ಅದರ ಹಿಂದಕ್ಕೆ ಹೋದರೆ 1ನೇ ಮಾರ್ಗರೆಟೆ ಮಲಗಿದ್ದಾಳೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರನ್ನೂ 1397ರಲ್ಲಿ ಕಲ್ಮಾರ್ ಒಕ್ಕೂಟದಲ್ಲಿ ಒಂದು ಮಾಡಿದವಳು. 1412ರಲ್ಲಿ ಫ್ಲೆನ್ಸ್‌ಬೋರ್ಗ್ ಬಂದರಿನಲ್ಲಿ ಹಡಗಿನಲ್ಲೇ ತೀರಿಕೊಂಡಳು. ಮೊದಲು ಸೋರೋ ಎಂಬ ಊರಿನ ಮಠದಲ್ಲಿ ಅವಳನ್ನು ಹೂಳಿದ್ದರು. ಮರುವರ್ಷ ಬಿಷಪ್ ಪೇಡರ್ ಅವಳ ದೇಹವನ್ನು ರೋಸ್ಕಿಲ್ಡೆಗೆ ತಂದ.

ಸಮಾಧಿಯ ಮೇಲೆ ಬಿಳಿ ಅಲಾಬಾಸ್ಟರ್ ಕಲ್ಲಿನಲ್ಲಿ ಕಡೆದ ಅವಳ ಮೂರ್ತಿ. ಮಾಡಿದ್ದು 1423ರಲ್ಲಿ. ಸತ್ತಾಗ ಅವಳಿಗೆ ಅರವತ್ತರ ಹತ್ತಿರ ವಯಸ್ಸು, ಕಲ್ಲಿನಲ್ಲಿರುವುದು ಮಾತ್ರ ಎಳೆಯ ಹೆಣ್ಣಿನ ಮುಖ. ಇಡೀ ಕೆಥೆಡ್ರಲ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಸಮಾಧಿ ಇದೇ. ಮೂರು ರಾಜ್ಯ ಆಳಿದವಳಿಗೆ ಚರ್ಚಿನ ಅತ್ಯಂತ ಒಳ್ಳೆಯ ಜಾಗ ಸಿಕ್ಕಿದೆ, ಆಮೇಲೆ ಬಂದ ಯಾವ ಗಂಡಸು ರಾಜನಿಗೂ ಅದನ್ನು ಕಸಿಯಲು ಆಗಲಿಲ್ಲ.

ಅಲ್ಲೇ ಸುತ್ತ 5ನೇ ಕ್ರಿಸ್ಟಿಯನ್ ಮತ್ತು 4ನೇ ಫ್ರೆಡೆರಿಕ್ ತಮ್ಮ ರಾಣಿಯರ ಜೊತೆ ಅಮೃತಶಿಲೆಯ ದೊಡ್ಡ ಪೆಟ್ಟಿಗೆಗಳಲ್ಲಿದ್ದಾರೆ. 4ನೇ ಫ್ರೆಡೆರಿಕ್‌ನ ಬಳಿ ಸ್ವಲ್ಪ ನಿಲ್ಲಿ. ಸೀಗನ್‌ಬಾಲ್ಗ್ ಎಂಬ ಪಾದ್ರಿಯನ್ನು ತರಂಗಂಬಾಡಿಗೆ ಕಳಿಸಿದವನು ಈ ರಾಜ. ಸೀಗನ್‌ಬಾಲ್ಗ್ 1706ರಲ್ಲಿ ಅಲ್ಲಿ ಇಳಿದು, ತಮಿಳು ಕಲಿತು, ಅಲ್ಲೇ ಅಚ್ಚುಕೂಟ ಹಾಕಿ ತಮಿಳು ಪುಸ್ತಕ ಅಚ್ಚುಮಾಡಿದ. ನಮ್ಮ ಎಳೆ ಮೊದಲು ಕೈಗೆ ಸಿಗುವುದು ಇಲ್ಲಿ.

ಮೂರನೇ ಹೆಜ್ಜೆ: ಎತ್ತರ ಅಳೆಯುವ ಕಂಬ

ದಕ್ಷಿಣ ಪಕ್ಕದಲ್ಲಿ 1ನೇ ಕ್ರಿಸ್ಟಿಯನ್ 15ನೇ ಶತಮಾನದಲ್ಲಿ ಕಟ್ಟಿಸಿದ ಮೂವರು ಜ್ಞಾನಿಗಳ ಚಾಪೆಲ್ ಇದೆ. ಚಾಪೆಲ್ ಎಂದರೆ ದೊಡ್ಡ ಚರ್ಚಿಗೆ ಅಂಟಿಕೊಂಡ ಚಿಕ್ಕ ಪ್ರಾರ್ಥನೆಯ ಕೋಣೆ. ಗೋಡೆಯ ತುಂಬ ಹಳೆಯ ಚಿತ್ರಗಳು. ಕಟ್ಟಿಸಿದವನೂ ಅವನ ರಾಣಿ ಡೊರೊಥಿಯಾಳೂ ನೆಲದ ಕೆಳಗೆ ಸಾದಾ ಕಲ್ಲಿನಡಿ ಇದ್ದಾರೆ. ಮೇಲೆ ಮೆರೆಯುತ್ತಿರುವುದು 3ನೇ ಕ್ರಿಸ್ಟಿಯನ್ ಮತ್ತು 2ನೇ ಫ್ರೆಡೆರಿಕ್‌ರ ಎರಡು ಭಾರಿ ಸ್ಮಾರಕಗಳು. ಕಂಬ, ಚಾವಣಿ ಎಲ್ಲ ಇರುವ ಅಮೃತಶಿಲೆಯ ಮಂಟಪಗಳು ಅವು. ಆಂಟ್‌ವರ್ಪ್‌ನ ಕೊರ್ನೆಲಿಸ್ ಫ್ಲೋರಿಸ್ ಮಾಡಿದ 3ನೇ ಕ್ರಿಸ್ಟಿಯನ್‌ನ ಮಂಟಪದಲ್ಲಿ ರಾಜ ಎರಡು ಸಲ ಇದ್ದಾನೆ. ಕೆಳಗೆ ಸತ್ತು ಮಲಗಿದ್ದಾನೆ, ಮೇಲೆ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದಾನೆ.

ಚಾಪೆಲ್ ನಡುವಿನ ಗ್ರಾನೈಟ್ ಕಂಬವನ್ನು ತಪ್ಪದೆ ನೋಡಿ. ಬಂದ ರಾಜರು ಅದಕ್ಕೆ ಒರಗಿ ನಿಂತು ತಮ್ಮ ಎತ್ತರದ ಗುರುತು ಹಾಕಿಸಿಕೊಂಡಿದ್ದಾರೆ. ರಷ್ಯಾದ ಪೀಟರ್‌ನ ಗುರುತೂ ಇದೆ. ಎಲ್ಲರಿಗಿಂತ ಮೇಲಿರುವುದು 1ನೇ ಕ್ರಿಸ್ಟಿಯನ್‌ನದು, 219.5 ಸೆಂಟಿಮೀಟರ್. ಆದರೆ ಅವನ ಎಲುಬು ಅಳೆದಾಗ ಸಿಕ್ಕ ಎತ್ತರ 188ರ ಆಸುಪಾಸು. ನೀವೂ ಪಕ್ಕದಲ್ಲಿ ನಿಂತು ನಿಮ್ಮ ಎತ್ತರದ ರಾಜ ಯಾರು ಎಂದು ಹುಡುಕಿ.

ನಾಲ್ಕನೇ ಹೆಜ್ಜೆ: ಕಬ್ಬಿಣದ ಜಾಲರಿ ಮತ್ತು ತರಂಗಂಬಾಡಿಯ ರಾಜ

ಈಗ ಉತ್ತರ ಪಕ್ಕಕ್ಕೆ ದಾಟಿ. 4ನೇ ಕ್ರಿಸ್ಟಿಯನ್‌ನ ಚಾಪೆಲ್ ಮುಂದೆ ದೊಡ್ಡ ಕಬ್ಬಿಣದ ಜಾಲರಿ ಇದೆ. ಒಳಗೆ ನುಗ್ಗುವ ಮೊದಲು ಜಾಲರಿಯ ಮುಂದೆಯೇ ನಿಲ್ಲಿ. ಬಳ್ಳಿಗಳಂತೆ ಸುತ್ತಿ ಬಳುಕಿದ ಕಬ್ಬಿಣ. ಅದರ ನಡುವೆ ಮುಖಗಳಿವೆ, ರಾಜನ ಮುದ್ರೆ ಇದೆ. ಬಡಿದವನು ಕ್ಯಾಸ್ಪರ್ ಫಿಂಕೆ ಎಂಬ ಕಮ್ಮಾರ. ನನ್ನ ಹೆಸರು ಕ್ಯಾಸ್ಪರ್ ಫಿಂಕೆ, ಈ ಕೆಲಸದಿಂದಲೇ ನನ್ನ ಗುರುತು ಎಂಬರ್ಥದ ಜರ್ಮನ್ ಸಾಲನ್ನು ಅವನು ಅದರಲ್ಲೇ ಬರೆದಿದ್ದಾನೆ. ರಾಜರ ಹೆಸರೇ ತುಂಬಿರುವ ಕಟ್ಟಡದಲ್ಲಿ ಒಬ್ಬ ಕಮ್ಮಾರ ತನ್ನ ಹೆಸರನ್ನೂ ಉಳಿಸಿಕೊಂಡಿದ್ದಾನೆ. ಇದನ್ನು ಹುಡುಕಿ ಓದಲು ಹತ್ತು ನಿಮಿಷ ಕೊಡಿ.

ಒಳಗೆ 4ನೇ ಕ್ರಿಸ್ಟಿಯನ್‌ನ ಶವಪೆಟ್ಟಿಗೆ, ಥೋರ್ವಾಲ್ಡ್ಸನ್ ಮಾಡಿದ ಅವನ ನಿಂತ ಮೂರ್ತಿ, ಗೋಡೆಯ ಮೇಲೆ 19ನೇ ಶತಮಾನದಲ್ಲಿ ಮಾರ್‌ಸ್ಟ್ರಾಂಡ್ ಬರೆದ ದೊಡ್ಡ ಚಿತ್ರಗಳು. 1644ರ ಸಮುದ್ರ ಯುದ್ಧದಲ್ಲಿ ಕಣ್ಣಿಗೆ ಪೆಟ್ಟು ಬಿದ್ದರೂ ರಾಜ ಹಡಗಿನ ಮೇಲೆ ನಿಂತಿರುವ ದೃಶ್ಯ ಅವುಗಳಲ್ಲಿ ಒಂದು. 1588ರಿಂದ 1648ರವರೆಗೆ, ಅರವತ್ತು ವರ್ಷ ಆಳಿದವನು ಇವನು. ಕೋಪನ್‌ಹೇಗನ್‌ನಲ್ಲಿ ನೀವು ನೋಡುವ ರೋಸೆನ್‌ಬೋರ್ಗ್ ಅರಮನೆ, ದುಂಡು ಗೋಪುರ ಎರಡೂ ಇವನದೇ. ಈ ಕೆಥೆಡ್ರಲ್‌ನ ಜೋಡಿ ಗೋಪುರಗಳ ಚೂಪು ಶಿಖರಗಳನ್ನು ಹಾಕಿಸಿದವನೂ ಇವನೇ.

1616ರಲ್ಲಿ ಡೇನಿಷ್ ಈಸ್ಟ್ ಇಂಡಿಯಾ ಕಂಪನಿಗೆ ಅಪ್ಪಣೆ ಕೊಟ್ಟದ್ದೂ ಇವನು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಜೊತೆ ಒಪ್ಪಂದವಾಗಿ ಕಡಲ ದಂಡೆಯ ತರಂಗಂಬಾಡಿ ಡೇನಿಷರ ಕೈಗೆ ಬಂತು. ಅಲ್ಲಿನ ಡಾನ್ಸ್‌ಬೋರ್ಗ್ ಕೋಟೆ ಇವತ್ತಿಗೂ ನಿಂತಿದೆ. ಕಾವೇರಿಯ ಮುಖಜ ಭೂಮಿಯಲ್ಲಿ ಆ ಕೋಟೆ ನೋಡಿದವರು ಅದನ್ನು ಕಟ್ಟಿಸಿದ ರಾಜನ ಪೆಟ್ಟಿಗೆಯ ಮುಂದೆ ನಿಂತಾಗ ಎರಡು ದೂರದ ಜಾಗಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಐದನೇ ಹೆಜ್ಜೆ: ಬಿಳಿ ಚಾಪೆಲ್, ಸೆರಾಂಪುರ ಮತ್ತು ಕನ್ನಡದ ಅಚ್ಚು

ಮತ್ತೆ ದಕ್ಷಿಣಕ್ಕೆ. 5ನೇ ಫ್ರೆಡೆರಿಕ್‌ನ ಚಾಪೆಲ್ ಹೊಕ್ಕ ಕೂಡಲೇ ಕಣ್ಣು ಕೋರೈಸುತ್ತದೆ. ಚಿತ್ರ ಇಲ್ಲ, ಬಣ್ಣ ಇಲ್ಲ, ಎಲ್ಲ ಬಿಳಿ, ಮೇಲೆ ಗುಮ್ಮಟ. ಹಾರ್ಸ್‌ಡಾರ್ಫ್ ಶುರುಮಾಡಿದ ಕೆಲಸವನ್ನು ಸಿ. ಎಫ್. ಹ್ಯಾನ್ಸನ್ 1825ರಲ್ಲಿ ಮುಗಿಸಿದ. ನಡುವೆ ವೀಡೆವೆಲ್ಟ್ ಮಾಡಿದ 5ನೇ ಫ್ರೆಡೆರಿಕ್‌ನ ಸ್ಮಾರಕ. ಎರಡು ಕಡೆ ದುಃಖದಲ್ಲಿ ಕೂತ ಇಬ್ಬರು ಹೆಂಗಸರು, ಒಬ್ಬಳು ಡೆನ್ಮಾರ್ಕ್, ಇನ್ನೊಬ್ಬಳು ನಾರ್ವೆ.

ಹೆಚ್ಚಿನವರು ಇಲ್ಲಿ ಎರಡು ನಿಮಿಷ ನಿಂತು ಹೋಗಿಬಿಡುತ್ತಾರೆ. ಕನ್ನಡಿಗರು ಹಾಗೆ ಮಾಡಬಾರದು. 1755ರಲ್ಲಿ ಡೇನಿಷರು ಹೂಗ್ಲಿ ನದಿಯ ದಡದಲ್ಲಿ ನೆಲೆ ಹಾಕಿದರು. ಅದಕ್ಕೆ ಇದೇ 5ನೇ ಫ್ರೆಡೆರಿಕ್‌ನ ಹೆಸರಿಟ್ಟು ಫ್ರೆಡೆರಿಕ್ಸ್‌ನಗೋರ್ ಎಂದರು. ಅದೇ ಸೆರಾಂಪುರ. ಬ್ರಿಟಿಷ್ ಕಂಪನಿ ತನ್ನ ಪ್ರದೇಶದಲ್ಲಿ ಮಿಷನರಿಗಳನ್ನು ಇಷ್ಟಪಡದಿದ್ದಾಗ ವಿಲಿಯಂ ಕೇರಿ ಮತ್ತು ಜೊತೆಯವರಿಗೆ ಜಾಗ ಕೊಟ್ಟದ್ದು ಈ ಡೇನಿಷ್ ಊರು. ಅವರ ಮಿಷನ್ ಪ್ರೆಸ್ಸಿನಲ್ಲಿ ಭಾರತದ ಎಷ್ಟೋ ಭಾಷೆಗಳ ಅಚ್ಚಿನ ಮೊಳೆ ತಯಾರಾಯಿತು. ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಲ್ಲೇ ಅಚ್ಚಾಯಿತು. ಕನ್ನಡ ಅಕ್ಷರ ಮೊಳೆಯಲ್ಲಿ ಮೂಡಿದ ತೀರಾ ಮೊದಲ ಪುಸ್ತಕಗಳಲ್ಲಿ ಅದೊಂದು. ಆಗ ಡೆನ್ಮಾರ್ಕಿನ ರಾಜನಾಗಿದ್ದ 6ನೇ ಫ್ರೆಡೆರಿಕ್, 1827ರಲ್ಲಿ ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಸನ್ನದು ನೀಡಿದ. ಅವನೂ ಇದೇ ಚಾಪೆಲ್‌ನಲ್ಲಿದ್ದಾನೆ. 1845ರಲ್ಲಿ ತರಂಗಂಬಾಡಿಯನ್ನೂ ಸೆರಾಂಪುರವನ್ನೂ ಬ್ರಿಟಿಷರಿಗೆ ಮಾರಿದಾಗ ಸಿಂಹಾಸನದಲ್ಲಿದ್ದವನು 8ನೇ ಕ್ರಿಸ್ಟಿಯನ್. ಅವನ ಪೆಟ್ಟಿಗೆಯೂ ಇಲ್ಲೇ. ಭಾರತದಲ್ಲಿ ಡೇನಿಷರ ಕತೆ ಶುರುವಾದ ಸಮಾಧಿ ಉತ್ತರ ಪಕ್ಕದಲ್ಲಿ, ಮುಗಿದ ಸಮಾಧಿ ದಕ್ಷಿಣ ಪಕ್ಕದಲ್ಲಿ. ಈ ಪಕ್ಕದಿಂದ ಆ ಪಕ್ಕಕ್ಕೆ ನಿಮ್ಮನ್ನು ಓಡಾಡಿಸಿದ್ದು ಇದಕ್ಕೇ.

ಆರನೇ ಹೆಜ್ಜೆ: ಹತ್ತಿರದ ಕಾಲದವರು

ಉತ್ತರದ ಗ್ಲೂಕ್ಸ್‌ಬೋರ್ಗ್ ಚಾಪೆಲ್ 1924ರಲ್ಲಿ ಮುಗಿದದ್ದು. 9ನೇ ಕ್ರಿಸ್ಟಿಯನ್‌ನ ಪೆಟ್ಟಿಗೆಯ ಬಳಿಯ ಮೂರ್ತಿಗಳನ್ನು ಮಾಡಿದವನು ಎಡ್ವರ್ಡ್ ಎರಿಕ್ಸನ್. ಕೋಪನ್‌ಹೇಗನ್ ಕಡಲ ತೀರದ ಪುಟ್ಟ ಮತ್ಸ್ಯಕನ್ಯೆಯ ಶಿಲ್ಪಿ ಅವನೇ. ಈ ರಾಜನ ಮಗಳು ಡಾಗ್ಮಾರ್ ರಷ್ಯಾದ ಸಾಮ್ರಾಜ್ಞಿಯಾಗಿದ್ದಳು. ಕ್ರಾಂತಿಯ ನಂತರ ತವರಿಗೆ ಬಂದು 1928ರಲ್ಲಿ ತೀರಿಕೊಂಡಳು. ಇಲ್ಲಿದ್ದ ಅವಳ ದೇಹವನ್ನು 2006ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಒಯ್ದು ಗಂಡನ ಪಕ್ಕ ಇಟ್ಟರು.

ಸಂತ ಬಿರ್ಗಿಟ್ಟೆಯ ಚಾಪೆಲ್ ನಕ್ಷೆಯಲ್ಲಿ ಹುಡುಕಿ. 2024ರ ಜನವರಿಯಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟ 2ನೇ ಮಾರ್ಗರೆಟೆಗಾಗಿ ಬ್ಯೋರ್ನ್ ನೋರ್ಗೋರ್ ಎಂಬ ಕಲಾವಿದ ಗಾಜಿನ ಸಮಾಧಿ ಮಾಡಿದ್ದಾನೆ. ಅದು 2018ರಲ್ಲೇ ಸಿದ್ಧವಾಗಿ ಇಲ್ಲಿದೆ. ಗಂಡ ಹೆನ್ರಿಕ್ ತನಗೆ ಅದರಲ್ಲಿ ಜಾಗ ಬೇಡ ಎಂದಿದ್ದ. ಅವನ ಚಿತಾಭಸ್ಮದ ಅರ್ಧವನ್ನು ಡೆನ್ಮಾರ್ಕಿನ ನೀರಿಗೆ ಬಿಟ್ಟರು, ಉಳಿದ ಅರ್ಧವನ್ನು ಫ್ರೆಡೆನ್ಸ್‌ಬೋರ್ಗ್ ಅರಮನೆಯ ತೋಟದಲ್ಲಿಟ್ಟರು.

9ನೇ ಫ್ರೆಡೆರಿಕ್ ಮಾತ್ರ ಒಳಗಿಲ್ಲ. ಅವನೂ ರಾಣಿ ಇಂಗ್ರಿಡ್ ಕೂಡ ಹೊರಗೆ, ಗೋಡೆಯ ಪಕ್ಕ, ಬಯಲಲ್ಲಿ ಇಟ್ಟಿಗೆಯ ಎಂಟು ಮೂಲೆಯ ಆವರಣದಲ್ಲಿದ್ದಾರೆ. ಹೊರಗೆ ಬಂದ ಮೇಲೆ ನೋಡಿ.

ಮಧ್ಯಾಹ್ನದ ಮೇಲೆ: ಇಳಿಜಾರಿನಲ್ಲಿ ಬಂದರಿಗೆ

ಕೆಥೆಡ್ರಲ್ ಹಿಂದಿನ ಉದ್ಯಾನದೊಳಗೆ ಇಳಿದು ಹೋದರೆ ಹದಿನೈದು ನಿಮಿಷದಲ್ಲಿ ಫ್ಯೋರ್ಡ್, ಅಂದರೆ ನೆಲದೊಳಗೆ ಚಾಚಿದ ಸಮುದ್ರದ ದಂಡೆ. ಅಲ್ಲಿರುವುದೇ ವೈಕಿಂಗ್ ಹಡಗುಗಳ ಮ್ಯೂಸಿಯಂ. ಶತ್ರುಗಳು ಊರಿಗೆ ಬರದಂತೆ ಸುಮಾರು 1070ರಲ್ಲಿ ಸ್ಕುಲ್ಡೆಲೆವ್ ಎಂಬಲ್ಲಿ ಕಲ್ಲು ತುಂಬಿ ಮುಳುಗಿಸಿದ ಐದು ಹಡಗುಗಳನ್ನು 1962ರಲ್ಲಿ ಮೇಲೆತ್ತಿದರು. ಅವುಗಳಲ್ಲಿ ಒಂದು ಡಬ್ಲಿನ್‌ನಲ್ಲಿ ಕಟ್ಟಿದ ಉದ್ದನೆಯ ಯುದ್ಧದ ಹಡಗು. ಹಳೆಯ ಬಗೆಯ ಸಲಕರಣೆಗಳಿಂದಲೇ ಅದರಂಥದೇ ಹೊಸ ಹಡಗು ಕಟ್ಟಿ 2007ರಲ್ಲಿ ಡಬ್ಲಿನ್‌ಗೆ ನಡೆಸಿದರು. ಹಡಗುಗಳ ಹಳೆಯ ಸಭಾಂಗಣ ಸಮುದ್ರದ ನೀರಿನ ಹೊಡೆತಕ್ಕೆ ಹಾಳಾಗುತ್ತಾ ಬಂದಿದೆ. ಹಾಗಾಗಿ ಏನು ತೆರೆದಿದೆ ಎಂದು ಬೆಳಿಗ್ಗೆಯೇ ನೋಡಿಕೊಳ್ಳಿ ಎಂದದ್ದು. ಬೇಸಿಗೆಯಲ್ಲಿ ದೋಣಿ ಕಟ್ಟುವ ಜಾಗ, ಬಂದರಿನಲ್ಲಿ ನಿಂತ ಹೊಸ ಹಡಗುಗಳು ಇವೇ ಒಂದು ಗಂಟೆಗೆ ಸಾಕು. ಕೆಥೆಡ್ರಲ್‌ನಲ್ಲಿ ಹೊತ್ತಾಗಿದ್ದರೆ ಟಿಕೆಟ್ಟಿನ ಭಾಗ ಬಿಟ್ಟುಬಿಡಿ, ದಂಡೆಯಲ್ಲಿ ನಡೆದು ಬನ್ನಿ.

ವಾಪಸು ಸ್ಟೇಷನ್ನಿಗೆ ಏರು ದಾರಿ, ಅರ್ಧ ಗಂಟೆ ಇಟ್ಟುಕೊಳ್ಳಿ. ಹಿರಿಯರು ಜೊತೆಗಿದ್ದರೆ ಬಂದರಿನಿಂದ ಬಸ್ಸು ಹಿಡಿಯಿರಿ. ಸಾದಾ ಟಿಕೆಟ್ ತೆಗೆಯದೆ, ಹತ್ತುವಾಗ ಮೊಬೈಲ್ ಆ್ಯಪ್‌ನಲ್ಲಿ ಚೆಕ್-ಇನ್ ಮಾಡಿ ಬಂದವರಾದರೆ ಕೋಪನ್‌ಹೇಗನ್‌ನಲ್ಲಿ ಇಳಿದ ತಕ್ಷಣ ಚೆಕ್-ಔಟ್ ಮಾಡಿ, ಮರೆತರೆ ದುಡ್ಡು ಜಾಸ್ತಿ ಕತ್ತರಿಸುತ್ತದೆ.